ಕಂಡರೆ ಬದಲಾಗುವುದನ್ನು ಕಾಣುವ ಬಗೆ

ನವರಾತ್ರಿಯಲ್ಲಿ ದೇವರ ಕೋಣೆಯ ಘಟದ ಸುತ್ತ ಬಿತ್ತಿದ ಧಾನ್ಯದ ಮೊಳಕೆಯನ್ನಾಗಲಿ, ಮದುವೆಯ ಅಂಕುರಾರ್ಪಣದ ಪಾಲಿಕೆಗಳಲ್ಲಿ ತಲೆಯೆತ್ತಿದ ನವಧಾನ್ಯದ ಮೊಳಕೆಯನ್ನಾಗಲಿ ನೋಡದವರು ನಮ್ಮಲ್ಲಿ ವಿರಳ. ಮಬ್ಬುಗತ್ತಲೆಯ ಕೋಣೆಯಲ್ಲಿ ಹುಟ್ಟಿದ ಆ ಸಸಿಗಳು ನಸುಹಳದಿಯಾಗಿ, ನೀಳವಾಗಿ, ನಿಲ್ಲಲಾರದಷ್ಟು ಕೃಶವಾಗಿ ಬೆಳೆಯುತ್ತವೆ. ಅದೇ ಕಾಳನ್ನು ಹೊಲದಲ್ಲಿ ಚೆಲ್ಲಿದರೆ ಗಿಡ್ಡನೆಯ, ಗಟ್ಟಿಯಾದ, ಹಸುರು ಸಸಿ ಏಳುತ್ತದೆ. ಬೀಜ ಒಂದೇ, ಮಣ್ಣು ಒಂದೇ, ನೀರೂ ಒಂದೇ. ಬೇರೆಯಾದದ್ದು ಬೆಳಕು ಮಾತ್ರ. ಕಣ್ಣಿಲ್ಲದ ಮೊಳಕೆಗೆ ಬೆಳಕು ಬಂದಿತೆಂಬ ಸುದ್ದಿ ಮುಟ್ಟುವುದು ಹೇಗೆ? ಮುಟ್ಟಿದ ಸುದ್ದಿ ಒಳಗೆ ಎಲ್ಲಿ ಹೋಗಿ ನಿಲ್ಲುತ್ತದೆ?

ಈ ಪ್ರಶ್ನೆಗೆ ವಿಜ್ಞಾನವು ಇಂದು ಕೊಡುವ ಉತ್ತರ ಸೋಜಿಗದ್ದು. ಸಸ್ಯದ ಜೀವಕೋಶದ ನಡುವೆ ಕೋಶಕೇಂದ್ರವೆಂಬ ಗುಂಡನೆಯ ಭಾಗವಿದೆ. ವಂಶದ ಬರಹವೆಲ್ಲ ಇರುವುದು ಅಲ್ಲಿಯೇ. ಬೆಳಕು ಬಿದ್ದಾಗ ಆ ಕೋಶಕೇಂದ್ರದೊಳಗೆ ಅತಿ ಸಣ್ಣ ಬಿಂದುಗಳು ಮೂಡುತ್ತವೆ, ಕತ್ತಲಾದಾಗ ಕರಗಿಹೋಗುತ್ತವೆ. ವಿಜ್ಞಾನಿಗಳು ಇವನ್ನು ಫೋಟೋಬಾಡಿಗಳೆಂದು ಕರೆಯುತ್ತಾರೆ. ನಾವು ಬೆಳಕಿನ ಬಿಂದುಗಳೆನ್ನೋಣ. ಈ ಬಿಂದುಗಳನ್ನು ಮನುಷ್ಯನ ಕಣ್ಣು ಕಂಡುಕೊಂಡ ಇತಿಹಾಸವೇ ಇಂದಿನ ಮಾತಿನ ವಸ್ತು.

ಆ ಇತಿಹಾಸದ ಬುಡದಲ್ಲಿಯೇ ಒಂದು ತೊಡಕಿದೆ. ನೋಡಬೇಕಾದರೆ ಬೆಳಕು ಬೇಕು; ನೋಡಬೇಕಾದ ವಸ್ತುವಾದರೋ ಬೆಳಕು ಸೋಕಿದೊಡನೆ ಬದಲಾಗುವಂಥದು. ಕತ್ತಲೆ ಹೇಗಿದೆಯೆಂದು ತಿಳಿಯಲು ದೀಪ ಹಿಡಿದು ಹೊರಟವನ ಪಾಡು ಇದು. ಸಾಹಿತ್ಯದ ಮೇಷ್ಟರಿಗೆ ಇಲ್ಲೇನು ಕೆಲಸವೆಂದು ಯಾರಾದರೂ ಕೇಳಬಹುದು. ಹಳೆಯ ಓಲೆಗರಿಗಳನ್ನು ಮುಂದಿಟ್ಟುಕೊಂಡು ಕವಿಯ ಮೂಲಪಾಠವನ್ನು ಹುಡುಕಿದವರಿಗೆ ಇಂಥ ತೊಡಕು ಅಪರಿಚಿತವೇನಲ್ಲ. ಪ್ರತಿ ಮಾಡಿದವನ ಕೈಯಿಂದಲೇ ಕಾವ್ಯ ಉಳಿದು ಬಂದಿದೆ. ಆ ಕೈಯಿಂದಲೇ ಅದು ತಿದ್ದುಪಾಟಿಗೂ ಒಳಗಾಗಿದೆ. ಉಳಿಸುವ ಕೈಯೂ ಕೆಡಿಸುವ ಕೈಯೂ ಒಂದೇ ಆದಾಗ ಅನುಸರಿಸಬೇಕಾದ ಎಚ್ಚರ ಯಾವುದು? ಸಸ್ಯಶಾಸ್ತ್ರಜ್ಞರೂ ಬಹುಕಾಲ ಕೇಳಿಕೊಂಡದ್ದು ಇದೇ ಪ್ರಶ್ನೆಯನ್ನು.

ಕಥೆ ಸೂಕ್ಷ್ಮದರ್ಶಕದಿಂದಲ್ಲ, ತಂಬಾಕಿನ ಹೊಲದಿಂದ ಆರಂಭವಾಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು, ಮೇರಿಲ್ಯಾಂಡ್ ಮ್ಯಾಮತ್ ಎಂಬ ತಂಬಾಕಿನ ತಳಿಯೊಂದು ಬೇಸಗೆಯುದ್ದಕ್ಕೂ ಆಳೆತ್ತರವನ್ನು ಮೀರಿ ಬೆಳೆದರೂ ಹೂ ಬಿಡದಿದ್ದುದನ್ನು ಕಂಡರು. ಚಳಿಗಾಲದಲ್ಲಿ ಗಾಜಿನ ಮನೆಯಲ್ಲಿಟ್ಟ ಅದೇ ತಳಿ ಹೂ ಬಿಟ್ಟಿತು. ಬೇಸಗೆಯಲ್ಲಿಯೇ ಗಿಡಗಳನ್ನು ದಿನದ ಕೆಲವು ಹೊತ್ತು ಕತ್ತಲೆಯ ಗೂಡಿನಲ್ಲಿ ಮುಚ್ಚಿಟ್ಟು ಹಗಲನ್ನು ಕಿರಿದುಗೊಳಿಸಿದಾಗ ಆಗಲೂ ಹೂ ಬಂತು. ಹೂವಿನ ಕಾಲವನ್ನು ಗೊತ್ತುಮಾಡುತ್ತಿದ್ದುದು ಹಗಲಿರುಳುಗಳ ಉದ್ದವೆಂದು ಅವರು 1920ರಲ್ಲಿ ಪ್ರಕಟಿಸಿದರು. ಹಗಲು ಕಿರಿದಾಗುವ ತಿಂಗಳುಗಳಲ್ಲಿ ಅರಳುವ ನಮ್ಮ ಸೇವಂತಿಗೆಯೂ ಇದೇ ಗುಂಪಿನ ಗಿಡ. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ದೀರ್ಘವಾದ ಇರುಳಿನ ನಡುವೆ ಕೆಲವೇ ನಿಮಿಷ ದೀಪ ಹೊತ್ತಿಸಿದರೂ ಅಂಥ ಗಿಡ ಹೂ ಬಿಡುವುದನ್ನು ಮರೆಯುತ್ತದೆಂದು ತೋರಿಸಿದರು. ಗಿಡ ಎಣಿಸುತ್ತಿದ್ದುದು ಹಗಲನ್ನಲ್ಲ, ಇರುಳನ್ನು. ನೋಡಲೆಂದು ಹಿಡಿದ ದೀಪ ನೋಡಬೇಕಾದುದನ್ನೇ ಅಳಿಸಬಲ್ಲುದೆಂಬ ಪಾಠ ಇಲ್ಲಿಯೇ ಸಿಕ್ಕಿತು.

ಅಮೆರಿಕದ ಬೆಲ್ಟ್ಸ್‌ವಿಲ್ ಎಂಬಲ್ಲಿನ ಕೃಷಿ ಸಂಶೋಧನ ಕೇಂದ್ರದಲ್ಲಿ ಸಸ್ಯಶಾಸ್ತ್ರಜ್ಞ ಬಾರ್ತ್‌ವಿಕ್, ರಸಾಯನಶಾಸ್ತ್ರಜ್ಞ ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು 1952ರಲ್ಲಿ ಮಾಡಿದ ಪ್ರಯೋಗ ಮುಂದಿನ ಘಟ್ಟ. ಅವರು ಆರಿಸಿಕೊಂಡದ್ದು ಲೆಟ್ಯೂಸ್ ಎಂಬ ಸೊಪ್ಪಿನ ಬೀಜ. ನೆನೆದ ಬೀಜಕ್ಕೆ ಅಲ್ಪಕಾಲ ಕೆಂಪು ಬೆಳಕು ತೋರಿಸಿದರೆ ನೂರಕ್ಕೆ ಸುಮಾರು 70 ಬೀಜಗಳು ಮೊಳೆತವು. ಕೆಂಪಿನ ಬೆನ್ನಲ್ಲೇ ದೂರಗೆಂಪನ್ನು, ಅಂದರೆ ನಮ್ಮ ಕಣ್ಣಿಗೆ ಕಂಡೂ ಕಾಣದಂತಿರುವ ವರ್ಣಪಟಲದ ಅಂಚಿನ ಕೆಂಪನ್ನು, ತೋರಿಸಿದರೆ ಮೊಳೆತವು ನೂರಕ್ಕೆ ಸುಮಾರು 6 ಮಾತ್ರ. ಮತ್ತೆ ಕೆಂಪು ತೋರಿಸಿದರೆ ಮತ್ತೆ ಮೊಳಕೆ. ಹೀಗೆ ಎಷ್ಟು ಬಾರಿ ಅದಲುಬದಲು ಮಾಡಿದರೂ ಬೀಜ ಪಾಲಿಸಿದ್ದು ಕೊನೆಯ ಆಜ್ಞೆಯನ್ನು. ಕೆಂಪಿನ ತರಂಗದೂರ ಸುಮಾರು 660 ನ್ಯಾನೊಮೀಟರ್, ದೂರಗೆಂಪಿನದು ಸುಮಾರು 730. ನ್ಯಾನೊಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇದರಿಂದ ಅವರು ತರ್ಕಿಸಿದ್ದು ಹೀಗೆ: ಬೀಜದೊಳಗೆ ಒಂದು ವರ್ಣದ್ರವ್ಯವಿದೆ; ಅದಕ್ಕೆ ಎರಡು ರೂಪ; ಕೆಂಪು ಒಂದು ರೂಪಕ್ಕೆ ತಿರುಗಿಸುತ್ತದೆ, ದೂರಗೆಂಪು ಹಿಂದಿನ ರೂಪಕ್ಕೆ ಮರಳಿಸುತ್ತದೆ. ಇದರ ಪ್ರಯೋಜನವೂ ಗಿಡದ ಬಾಳಿನಲ್ಲಿ ಸ್ಪಷ್ಟ. ಹಸುರೆಲೆ ಕೆಂಪನ್ನು ಹೀರಿಕೊಂಡು ದೂರಗೆಂಪನ್ನು ಕೆಳಕ್ಕೆ ಬಿಡುತ್ತದೆ. ದೊಡ್ಡ ಮರದಡಿಯ ಸಸಿಗೆ ತಾನು ನೆರಳಿನಲ್ಲಿರುವ ಸಂಗತಿ ತಿಳಿಯುವುದು ಹೀಗೆಯೇ.

ಆದರೆ ಆ ವರ್ಣದ್ರವ್ಯವನ್ನು ಯಾರೂ ಕಂಡಿರಲಿಲ್ಲ. ಅದು ಕೇವಲ ಕಲ್ಪನೆಯ ಬಣ್ಣವೆಂದು ನಗೆಯಾಡಿದವರೂ ಉಂಟು. 1959ರಲ್ಲಿ ಬಟ್ಲರ್, ನಾರಿಸ್, ಸೀಗಲ್ಮನ್ ಮತ್ತು ಹೆಂಡ್ರಿಕ್ಸ್ ಇವರು, ಮೊಟ್ಟೆಯೇ ಮೊದಲಾದ ಕೃಷಿಪದಾರ್ಥಗಳ ಗುಣವನ್ನು ಬೆಳಕಿನಿಂದ ಅಳೆಯುವುದರಲ್ಲಿ ಪಳಗಿದ್ದ ನಾರಿಸ್ ಅವರ ಉಪಕರಣ ಕೌಶಲದ ನೆರವಿನಿಂದ, ಕತ್ತಲೆಯಲ್ಲಿ ಬೆಳೆಸಿದ ಮೆಕ್ಕೆಜೋಳದ ಸಸಿಗಳಲ್ಲಿ ಅದರ ಇರವನ್ನು ಅಳೆದೇ ತೋರಿಸಿದರು. ಫೈಟೋಕ್ರೋಮ್, ಎಂದರೆ ಸಸ್ಯವರ್ಣ ಎಂಬ ಹೆಸರು ನಿಂತಿತು. ಕತ್ತಲೆಯ ಸಸಿಯನ್ನೇ ಆರಿಸಿದ್ದಕ್ಕೆ ಕಾರಣವಿತ್ತು: ಹಸುರು ಮೂಡಿದ ಮೇಲೆ ಹಸುರಿನ ಅಬ್ಬರದಲ್ಲಿ ಈ ಸೂಕ್ಷ್ಮವರ್ಣ ಮುಳುಗಿಹೋಗುತ್ತದೆ. ಈ ಆಯ್ಕೆ ಮುಂದೆ ಎಂಥ ಭ್ರಮೆಗೆ ಹಾದಿ ಮಾಡಿತೆಂಬುದನ್ನು ನೋಡಲಿದ್ದೇವೆ. ಕೆಲಸಗಾರರು ಕತ್ತಲಕೋಣೆಯಲ್ಲಿ ಮಂದವಾದ ಹಸುರು ದೀಪವೊಂದನ್ನು ಹಚ್ಚಿಕೊಂಡು ಸಸಿಗಳನ್ನು ಮುಟ್ಟುತ್ತಿದ್ದರು. ಹಸುರು ಬೆಳಕು ಗಿಡಕ್ಕೆ ಅತ್ಯಲ್ಪವಾಗಿ ಮಾತ್ರ ತಾಗುತ್ತದೆಂಬ ನಂಬಿಕೆ ಅದು. ಅಲ್ಪವೆಂದರೆ ಶೂನ್ಯವಲ್ಲವೆಂಬುದೂ ಕ್ರಮೇಣ ಅನುಭವಕ್ಕೆ ಬಂತು.

ವರ್ಣದ್ರವ್ಯ ಇದೆಯೆಂದಾಯಿತು. ಅದು ಜೀವಕೋಶದಲ್ಲಿ ಎಲ್ಲಿದೆ? ಈಗ ಸೂಕ್ಷ್ಮದರ್ಶಕದ ಸರದಿ. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರ ತನ್ನ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ಬೆಂಡಿನ ಚೂರಿನ ಗೂಡುಗಳನ್ನು ಚಿತ್ರಿಸಿ ಅವಕ್ಕೆ ಕೋಶವೆಂಬ ಹೆಸರು ಕೊಟ್ಟಿದ್ದ. 1831ರಲ್ಲಿ ರಾಬರ್ಟ್ ಬ್ರೌನ್, ಆರ್ಕಿಡ್ ಗಿಡಗಳ ಎಲೆಯ ಹೊರಪದರವನ್ನು ನೋಡುತ್ತ, ಪ್ರತಿ ಕೋಶದಲ್ಲಿಯೂ ಒಂದು ಮಸುಕಾದ ಗುಂಡು ಭಾಗವಿರುವುದನ್ನು ಗುರುತಿಸಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಮುಂದೆ ಓದಿದ. ಅದೇ ಕೋಶಕೇಂದ್ರ. ಅದರೊಳಗೆ ಇನ್ನೆಷ್ಟು ಸಣ್ಣದನ್ನು ಕಾಣಬಹುದು ಎಂಬುದಕ್ಕೆ 1873ರಲ್ಲಿ ಜರ್ಮನಿಯ ಯೇನಾ ನಗರದ ಅರ್ನ್ಸ್ಟ್ ಅಬೆ ಒಂದು ಗಡಿ ಹಾಕಿದ. ಬೆಳಕಿನ ತರಂಗದೂರದ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ಚುಕ್ಕೆಗಳು, ಎಷ್ಟೇ ಒಳ್ಳೆಯ ಮಸೂರವಿದ್ದರೂ, ಒಂದಾಗಿಯೇ ಕಾಣುತ್ತವೆ. ಲೆಕ್ಕದಲ್ಲಿ ಹೇಳುವುದಾದರೆ ಆ ಗಡಿ ಸುಮಾರು 200 ನ್ಯಾನೊಮೀಟರ್, ಒಂದು ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲು. ನಮ್ಮ ಬೆಳಕಿನ ಬಿಂದುಗಳಲ್ಲಿ ದೊಡ್ಡವು ಇದರ ಐದರಿಂದ ಹತ್ತು ಪಟ್ಟು ಇರುತ್ತವೆ. ಸಣ್ಣವು ಗಡಿಯ ಆಚೀಚೆ ಸುಳಿಯುತ್ತವೆ.

ಆದರೆ ಗಾತ್ರವೊಂದೇ ತೊಡಕಲ್ಲ. ಸಾವಿರಾರು ಬಗೆಯ ಪ್ರೋಟೀನುಗಳು ತುಂಬಿದ ಕೋಶದಲ್ಲಿ ಫೈಟೋಕ್ರೋಮ್ ಒಂದನ್ನೇ ಗುರುತಿಸುವುದು ಹೇಗೆ? ಇದಕ್ಕೆ ನೆರವಾದದ್ದು ಪ್ರಾಣಿಯ ರಕ್ತದ ಪ್ರತಿಕಾಯಗಳು. ಒಂದು ಪ್ರೋಟೀನನ್ನು ಹುಡುಕಿ ಅದಕ್ಕೇ ಅಂಟಿಕೊಳ್ಳುವ ಗುಣ ಅವಕ್ಕಿದೆ. 1971ರಲ್ಲಿ ಪ್ರ್ಯಾಟ್ ಮತ್ತು ಕೋಲ್ಮನ್ ಇವರು ಹುಲ್ಲುಜಾತಿಯ ಮೊಳಕೆಗಳನ್ನು ರಾಸಾಯನಿಕಗಳಿಂದ ಸ್ತಂಭಿಸಿ, ತೆಳುವಾಗಿ ಸೀಳಿ, ಬಣ್ಣ ಕೊಡುವ ಕಿಣ್ವವನ್ನು ಪ್ರತಿಕಾಯದ ಮೂಲಕ ಅಂಟಿಸಿ ಫೈಟೋಕ್ರೋಮಿನ ನೆಲೆಯನ್ನು ತೋರಿಸಿದರು. 1975ರಲ್ಲಿ ಮೆಕೆಂಜಿ ಮತ್ತು ಬ್ರಿಗ್ಸ್ ಇವರಿಬ್ಬರೂ ಸೇರಿ ಅದೇ ಬಳಗ ಒಂದು ಮುಖ್ಯ ವಿಷಯವನ್ನು ಪ್ರಕಟಿಸಿತು. ಕತ್ತಲೆಯ ಓಟ್ಸ್ ಮೊಳಕೆಯಲ್ಲಿ ವರ್ಣದ್ರವ್ಯ ಕೋಶದಲ್ಲೆಲ್ಲ ಹರಡಿರುತ್ತದೆ. ಕೆಂಪು ಬೆಳಕು ಬಿದ್ದೊಡನೆ ಅದು ಅಲ್ಲಲ್ಲಿ ಗುಂಪುಗೂಡುತ್ತದೆ. ದೂರಗೆಂಪನ್ನು ತೋರಿಸಿ ಕತ್ತಲೆಯಲ್ಲಿಟ್ಟರೆ ನಿಧಾನವಾಗಿ ಮತ್ತೆ ಚದರುತ್ತದೆ.

ಬಿಂದುಗಳು ಮೊದಲ ಸಲ ಕಣ್ಣಿಗೆ ಬಿದ್ದುವು. ಆದರೆ ಅವು ಕಂಡದ್ದು ಕೋಶಕೇಂದ್ರದೊಳಗಲ್ಲ, ಅದರ ಹೊರಗಿನ ಕೋಶರಸದಲ್ಲಿ. ಅಲ್ಲಿಂದ ಮುಂದೆ ಸುಮಾರು ಎರಡು ದಶಕ, ಫೈಟೋಕ್ರೋಮ್ ಕೋಶರಸದ ವಾಸಿಯೆಂಬುದೇ ವಿದ್ವನ್ಮತವಾಗಿ ಉಳಿಯಿತು. ಬೆಳಕಿನ ಸುದ್ದಿ ಕೋಶಕೇಂದ್ರಕ್ಕೆ ತಲುಪಬೇಕಾದರೆ ನಡುವೆ ಹಲವು ದೂತರಿರಬೇಕೆಂದು ಊಹಿಸಿ ಆ ದೂತರನ್ನು ಹುಡುಕುವ ಕೆಲಸವೂ ನಡೆಯಿತು. ಕಂಡದ್ದು ಸುಳ್ಳಲ್ಲ; ಕಂಡಷ್ಟೇ ಎಲ್ಲವೆಂದು ತಿಳಿದದ್ದು ತಪ್ಪು. ಕತ್ತಲೆಯ ಸಸಿಯಲ್ಲಿ ಹೇರಳವಾಗಿರುವ ಫೈಟೋಕ್ರೋಮ್ ಒಂದು ಬಗೆಯದು. ಹಸುರು ಗಿಡದಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಇನ್ನೊಂದು ಬಗೆ, ಪ್ರಮಾಣದಲ್ಲಿ ಅಲ್ಪ. ಸಾಸಿವೆಯ ಕುಲಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡದಲ್ಲಿ ಫೈಟೋಕ್ರೋಮಿನ ಜೀನುಗಳು ಒಂದಲ್ಲ, ಹಲವು ಎಂದು 1989ರಲ್ಲಿ ಶಾರಕ್ ಮತ್ತು ಕ್ವೇಲ್ ತೋರಿಸಿದರು. ಒಟ್ಟು ಐದೆಂದು ಮುಂದೆ ತಿಳಿಯಿತು. ಎ ಇಂದ ಇ ವರೆಗೆ ಅವಕ್ಕೆ ಅಕ್ಷರದ ಗುರುತು. ಹೇರಳವಾದ ‘ಎ’ಯನ್ನು ನೋಡಿ ಎಲ್ಲದರ ಚರಿತ್ರೆಯನ್ನೂ ಬರೆದಂತಾಗಿತ್ತು. ಸುಲಭವಾಗಿ ಸಿಕ್ಕ ಒಂದು ಪ್ರತಿಯನ್ನೇ ಕವಿಯ ಪಾಠವೆಂದು ಅಚ್ಚುಹಾಕುವ ಅವಸರಕ್ಕೂ ಇದಕ್ಕೂ ಏನು ಅಂತರ?

1996ರಲ್ಲಿ ಜಪಾನಿನ ಸಕಾಮೊಟೊ ಮತ್ತು ನಗಟಾನಿ ಈ ಮತವನ್ನು ಕದಲಿಸಿದರು. ‘ಬಿ’ ಫೈಟೋಕ್ರೋಮಿನ ಬಾಲದ ತುಂಡನ್ನು ನೀಲಿ ಬಣ್ಣ ಕೊಡುವ ಕಿಣ್ವವೊಂದಕ್ಕೆ ಜೋಡಿಸಿ ಗಿಡದಲ್ಲಿ ಸೇರಿಸಿದಾಗ ನೀಲಿ ತುಂಬಿದ್ದು ಕೋಶಕೇಂದ್ರದಲ್ಲಿ. ಬೆಳಕಿನಲ್ಲಿಟ್ಟ ಗಿಡಗಳಿಂದ ಕೋಶಕೇಂದ್ರಗಳನ್ನು ಬೇರ್ಪಡಿಸಿ ಪರೀಕ್ಷಿಸಿದಾಗಲೂ ‘ಬಿ’ ಅಲ್ಲಿ ಸಿಕ್ಕಿತು; ಕತ್ತಲೆಗೆ ಹೊಂದಿಸಿದ ಗಿಡಗಳಲ್ಲಿ ಅದು ಕಡಿಮೆ. ದೂತರ ಪರಂಪರೆಯೇನೂ ಬೇಕಿರಲಿಲ್ಲ. ಸುದ್ದಿಗಾರನೇ ಅರಮನೆಯ ಒಳಕ್ಕೆ ನಡೆದು ಹೋಗುತ್ತಿದ್ದ.

ಆದರೂ ಇವೆಲ್ಲ ಸತ್ತ ಕೋಶದ ಸಾಕ್ಷ್ಯ. ಬದುಕಿರುವ ಕೋಶದೊಳಗೆ ಆ ನಡೆಯನ್ನು ಕಣ್ಣಾರೆ ಕಾಣಲು ಬೇಕಾದ ದೀಪ ಬಂದದ್ದು ಸಮುದ್ರದಿಂದ. ಒಸಾಮು ಶಿಮೊಮುರಾ ಎಂಬ ಜಪಾನೀ ರಸಾಯನಶಾಸ್ತ್ರಜ್ಞ ಅಮೆರಿಕದ ಪಶ್ಚಿಮ ತೀರದ ಫ್ರೈಡೇ ಹಾರ್ಬರಿನಲ್ಲಿ ಹೊಳೆಯುವ ಅಂಬಲಿಮೀನುಗಳನ್ನು ಬಲೆಯಿಂದ ಎತ್ತಿ ಎತ್ತಿ, ಅವುಗಳಲ್ಲಿ ಹಸುರಾಗಿ ಹೊಳೆಯುವ ಪ್ರೋಟೀನೊಂದಿದೆಯೆಂದು 1962ರಲ್ಲಿ ವರದಿ ಮಾಡಿದರು. ವರ್ಷಗಳ ಲೆಕ್ಕದಲ್ಲಿ ಅವರೂ ಅವರ ಕುಟುಂಬದವರೂ ಹಿಡಿದ ಅಂಬಲಿಮೀನುಗಳು ಲಕ್ಷಗಟ್ಟಲೆ. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಾಂಬು ಬಿದ್ದಾಗ ಹದಿನಾರರ ಈ ಹುಡುಗ ಹದಿನೈದು ಕಿಲೋಮೀಟರಿನಷ್ಟು ದೂರದ ಇಸಹಾಯದಲ್ಲಿದ್ದ; ಆ ಪ್ರಖರ ಬೆಳಕಿಗೆ ಕೆಲವು ಕ್ಷಣ ಕಣ್ಣು ಕಾಣದಾಯಿತೆಂದು ಮುಂದೆ ತಾವೇ ಬರೆದಿದ್ದಾರೆ. ಕುರುಡುಗೊಳಿಸುವ ಬೆಳಕನ್ನು ಕಂಡವರ ಕೈಯಿಂದಲೇ ಕಾಣಿಸುವ ಬೆಳಕೂ ಬಂತು.

ಆ ಪ್ರೋಟೀನಿನ ಜೀನನ್ನು 1992ರಲ್ಲಿ ಪ್ರತ್ಯೇಕಿಸಿದವರು ಡಗ್ಲಸ್ ಪ್ರಾಶರ್. ಅನುದಾನ ಮುಗಿದು ಕೆಲಸ ಮುಂದುವರಿಸಲಾರದೆ ಅವರು ಅದನ್ನು ಮಾರ್ಟಿನ್ ಚಾಲ್ಫಿ, ರೋಜರ್ ತ್ಸಿಯೆನ್ ಮೊದಲಾದವರಿಗೆ ಕಳುಹಿಸಿಕೊಟ್ಟರು. 1994ರಲ್ಲಿ ಚಾಲ್ಫಿ ಅದನ್ನು ಬೇರೆ ಜೀವಿಗಳಲ್ಲಿ ಬೆಳಗಿಸಿದರು. ತ್ಸಿಯೆನ್ ಅದರ ಹೊಳಪನ್ನು ಹೆಚ್ಚಿಸಿದರು. 2008ರಲ್ಲಿ ಶಿಮೊಮುರಾ, ಚಾಲ್ಫಿ, ತ್ಸಿಯೆನ್ ಈ ಮೂವರಿಗೆ ನೊಬೆಲ್ ಪಾರಿತೋಷಕ ಬಂದಾಗ ಪ್ರಾಶರ್ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್ ಊರಿನ ಕಾರು ಮಾರಾಟದ ಅಂಗಡಿಯೊಂದರಲ್ಲಿ ಗಿರಾಕಿಗಳನ್ನು ಕರೆದೊಯ್ಯುವ ವಾಹನದ ಚಾಲಕರಾಗಿದ್ದರು. ಕೆಲವು ವರ್ಷಗಳ ಅನಂತರ ತ್ಸಿಯೆನ್ ಅವರ ಪ್ರಯೋಗಶಾಲೆಯಲ್ಲಿಯೇ ಅವರಿಗೆ ಮತ್ತೆ ವಿಜ್ಞಾನದ ಕೆಲಸ ದೊರೆಯಿತು. ಪದ್ಯವನ್ನು ಉಳಿಸಿಕೊಟ್ಟ ಲಿಪಿಕಾರನ ಹೆಸರು ಗ್ರಂಥದ ಮುಖಪುಟದಲ್ಲಿ ಬರುವುದು ಅಪರೂಪ.

ಲಿಪಿಕಾರನ ಮಾತು ಬಂದದ್ದಕ್ಕೆ ಇನ್ನೊಂದು ಸಂಗತಿ. ಅಂಬಲಿಮೀನಿನ ಜೀನನ್ನು ಅರಾಬಿಡಾಪ್ಸಿಸ್ ಗಿಡಕ್ಕೆ ಸೇರಿಸಿದಾಗ ಅದು ಸರಿಯಾಗಿ ಬೆಳಗಲಿಲ್ಲ. ಕಾರಣವನ್ನು 1997ರಲ್ಲಿ ಹ್ಯಾಸ್ಲಾಫ್ ಮತ್ತು ಸಂಗಡಿಗರು ವಿವರಿಸಿದರು. ಗಿಡವು ಆ ಬರಹದ ನಡುವಿನ 84 ಅಕ್ಷರಗಳನ್ನು ಪ್ರಕ್ಷಿಪ್ತವೆಂದು ಬಗೆದು ಕತ್ತರಿಸಿ ಎಸೆಯುತ್ತಿತ್ತು! ಅರ್ಥಕ್ಕೆ ಭಂಗ ಬಾರದಂತೆ ಅಕ್ಷರಗಳನ್ನು ಬದಲಾಯಿಸಿ ಬರೆದ ಮೇಲೆ ಗಿಡ ಪೂರ್ತಿ ಪಾಠವನ್ನು ಓದಿತು, ಹಸುರು ದೀಪ ಹೊತ್ತಿತು.

1999ರಲ್ಲಿ ಎರಡು ಬಳಗಗಳು ಈ ದೀಪವನ್ನು ಫೈಟೋಕ್ರೋಮಿಗೆ ಕಟ್ಟಿ ನೋಡಿದವು. ಜಪಾನಿನಲ್ಲಿ ಯಮಗುಚಿ, ನಗಟಾನಿ ಮೊದಲಾದವರು ಅರಾಬಿಡಾಪ್ಸಿಸ್ ಗಿಡದಲ್ಲಿ. ಜರ್ಮನಿಯಲ್ಲಿ ಕಿರ್ಷರ್ ಮತ್ತು ಅವರ ಸಂಗಡಿಗರು ತಂಬಾಕಿನಲ್ಲಿ. ಕತ್ತಲೆಯಲ್ಲಿ ಕೋಶರಸದಲ್ಲಿ ಮಂಕಾಗಿ ಹರಡಿದ್ದ ಹಸುರು, ಬೆಳಕು ಬಿದ್ದ ಮೇಲೆ ಕೋಶಕೇಂದ್ರಕ್ಕೆ ಸರಿದು ಅಲ್ಲಿ ಚುಕ್ಕೆಚುಕ್ಕೆಯಾಗಿ ನಿಂತಿತು. ‘ಬಿ’ಯ ಪ್ರವೇಶ ನಿಧಾನ, ಗಂಟೆಗಳ ಮಾತು; ‘ಎ’ಯಾದರೋ ನಿಮಿಷಗಳಲ್ಲಿ ಒಳಹೊಕ್ಕಿತು. ಎರಡು ದಶಕ ಕೋಶರಸದ ನಿವಾಸಿಯೆನಿಸಿಕೊಂಡಿದ್ದ ‘ಎ’ಯೂ ಕೋಶಕೇಂದ್ರದ ಹಾದಿ ಬಲ್ಲುದಾಗಿತ್ತು.

ಇಷ್ಟು ಸ್ಫುಟವಾಗಿ ಕಾಣಲು ದೀಪವೊಂದೇ ಸಾಲದು, ಕಣ್ಣೂ ಬೇರೆಯಾಗಬೇಕಿತ್ತು. ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡುವ ಪದರದ ಮೇಲಿನ ಹಾಗೂ ಕೆಳಗಿನ ಹೊಳಪೆಲ್ಲ ಬೆರೆತು ಮಂಜು ಕವಿಯುತ್ತದೆ. ಮುಂದೆ ಕೃತಕ ಬುದ್ಧಿಮತ್ತೆಯ ಪ್ರವರ್ತಕರಲ್ಲಿ ಒಬ್ಬರೆನಿಸಿದ ಮಾರ್ವಿನ್ ಮಿನ್ಸ್ಕಿ 1957ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ ಉಪಾಯ ಸರಳವಾದದ್ದು. ಬೆಳಕನ್ನು ಒಂದೇ ಬಿಂದುವಿನ ಮೇಲೆ ಬೀಳಿಸಿ, ಮರಳಿ ಬರುವ ಬೆಳಕನ್ನು ಸೂಜಿಮೊನೆಯಷ್ಟು ರಂಧ್ರದ ಮೂಲಕ ಹಾಯಿಸಿದರೆ ಆ ಒಂದು ಪದರದ ಬೆಳಕು ಮಾತ್ರ ಒಳಬರುತ್ತದೆ. ಹೀಗೆ ಬಿಂದು ಬಿಂದುವಾಗಿ ಸವರುತ್ತ ಹೋದರೆ ಕೋಶವನ್ನು ಕತ್ತರಿಸದೆಯೇ ಪದರ ಪದರವಾಗಿ ಬಿಡಿಸಿದಂತಾಗುತ್ತದೆ. ಲೇಸರ್ ಬೆಳಕೂ ಗಣಕಯಂತ್ರವೂ ಕೂಡಿಬಂದ ಮೇಲೆ, 1980ರ ದಶಕದಲ್ಲಿ, ಈ ಕಾನ್‌ಫೋಕಲ್ ಸೂಕ್ಷ್ಮದರ್ಶಕ ಬಳಕೆಗೆ ಒದಗಿತು. ಗಿಡದ ಮಟ್ಟಿಗೆ ಇದರಿಂದ ಇನ್ನೊಂದು ಲಾಭವುಂಟು. ಎಲೆಹಸುರು ತಾನೇ ಕೆಂಪಾಗಿ ಹೊಳೆಯುತ್ತದೆ. ಅದನ್ನು ಸೋಸಿ ಹಸುರು ದೀಪವನ್ನು ಮಾತ್ರ ಆರಿಸಿಕೊಳ್ಳಲು ಇಲ್ಲಿ ಅನುಕೂಲ.

ಈಗ ಮೊದಲು ಹೇಳಿದ ತೊಡಕು ಮತ್ತೆ ಎದುರಾಗುತ್ತದೆ. ಹಸುರು ಪ್ರೋಟೀನನ್ನು ಹೊಳೆಯಿಸಲು ಅದರ ಮೇಲೆ ನೀಲಿ ಬೆಳಕು ಚೆಲ್ಲಬೇಕು. ಆ ನೀಲಿಯನ್ನು ಫೈಟೋಕ್ರೋಮ್ ಸ್ವಲ್ಪಮಟ್ಟಿಗೆ ಹೀರಿಕೊಳ್ಳುತ್ತದೆ. ಅಷ್ಟೇ ಅಲ್ಲ, ನೀಲಿಯನ್ನೇ ಗ್ರಹಿಸುವ ಕ್ರಿಪ್ಟೋಕ್ರೋಮ್ ಎಂಬ ಬೇರೆ ಗ್ರಾಹಕವೂ ಗಿಡದಲ್ಲಿದೆ. 1993ರಲ್ಲಿ ಅದರ ಜೀನನ್ನು ಅಹ್ಮದ್ ಮತ್ತು ಕ್ಯಾಶ್ಮೋರ್ ಗುರುತಿಸಿದರು. ಕತ್ತಲೆಯ ಕೋಶದ ಚಿತ್ರ ತೆಗೆಯುವ ಕ್ರಿಯೆಯೇ ಅದಕ್ಕೆ ಹಗಲಾಯಿತೆಂದು ಸಾರಿದಂತೆ. ಇದಕ್ಕೆ ಸಂಶೋಧಕರು ಕಂಡುಕೊಂಡ ಪರಿಹಾರಗಳು ಒಂದೊಂದೂ ಸಣ್ಣವು, ಒಟ್ಟಿನಲ್ಲಿ ದೊಡ್ಡವು. ಕತ್ತಲೆಯಲ್ಲಿಯೇ ರಾಸಾಯನಿಕದಿಂದ ಕೋಶವನ್ನು ಸ್ತಂಭಿಸಿ ಆಮೇಲೆ ನೋಡುವುದು ಒಂದು. ಬದುಕಿರುವ ಕೋಶವಾದರೆ ಒಂದರ ಮೊದಲ ಚಿತ್ರವನ್ನು ಮಾತ್ರ ನಂಬಿ, ಮುಂದಿನ ಗಳಿಗೆಗೆ ಬೇರೊಂದು ಸಸಿಯನ್ನು ತೆಗೆದುಕೊಳ್ಳುವುದು ಇನ್ನೊಂದು. ಬೆಳಕನ್ನು ಆದಷ್ಟು ಮಂದಗೊಳಿಸಿ ಚಿತ್ರದ ಅಂದವನ್ನು ಬಿಟ್ಟುಕೊಡುವುದು ಮತ್ತೊಂದು. ಇನ್ನೂ ಒಂದು ಎಚ್ಚರವಿದೆ: ದೀಪ ಕಟ್ಟಿದ ಪ್ರೋಟೀನನ್ನು ಗಿಡವು ಅತಿಯಾಗಿ ತಯಾರಿಸಿದರೆ ಬಿಂದುಗಳು ಆ ಅತಿಶಯದಿಂದಲೇ ಹುಟ್ಟಿರಬಹುದು. ಆದ್ದರಿಂದ ತನ್ನ ಫೈಟೋಕ್ರೋಮನ್ನು ಕಳೆದುಕೊಂಡ ಗಿಡಕ್ಕೆ ಈ ದೀಪದ ಪ್ರೋಟೀನನ್ನು ಕೊಟ್ಟು, ಗಿಡ ಮೊದಲಿನಂತೆ ಬೆಳೆಯಿತೇ ಎಂದು ನೋಡಿದ ಮೇಲೆಯೇ ಚಿತ್ರಕ್ಕೆ ಬೆಲೆ.

ಇಂಥ ಎಚ್ಚರದಿಂದ ನೋಡಿದವರಿಗೆ ಬಿಂದುಗಳು ಮಾತಾಡಿದವು. 2003ರಲ್ಲಿ ಚೆನ್, ಶ್ವಾಬ್ ಮತ್ತು ಚೋರಿ ಇವರು, ಪ್ರಖರವಾದ ಕೆಂಪು ಬೆಳಕಿನಲ್ಲಿ ಬಿಂದುಗಳು ದೊಡ್ಡವಾಗಿಯೂ ಮಂದ ಬೆಳಕಿನಲ್ಲಿ ಸಣ್ಣವಾಗಿಯೂ ಚದರಿಯೂ ಇರುತ್ತವೆಂದು ತೋರಿಸಿದರು. ಮುಂದೆ ಚೆನ್ ಅವರ ಬಳಗ ಸೂಕ್ಷ್ಮದರ್ಶಕವನ್ನೇ ಜರಡಿಯಾಗಿ ಬಳಸಿತು. ಜೀನು ಕೆಟ್ಟ ಸಸಿಗಳನ್ನು ಒಂದೊಂದಾಗಿ ಕಾನ್‌ಫೋಕಲ್ ಕಣ್ಣಿನ ಕೆಳಗಿಟ್ಟು, ಬಿಂದುಗಳು ಸರಿಯಾಗಿ ಮೂಡದವನ್ನು ಆರಿಸಿ ತೆಗೆದರು. ಹಾಗೆ ಸಿಕ್ಕ ಒಂದು ಜೀನಿಗೆ 2010ರಲ್ಲಿ ಹೆಮೆರಾ ಎಂದು ಹೆಸರಿಟ್ಟರು. ಹೆಮೆರಾ ಗ್ರೀಕರ ಹಗಲಿನ ದೇವತೆ.

ಬಿಂದು ಗಟ್ಟಿಯಾದ ಹರಳೋ, ತೇಲುವ ಹನಿಯೋ? 1976ರಷ್ಟು ಹಿಂದೆಯೇ ಆಕ್ಸೆಲ್ರಾಡ್ ಮತ್ತು ಸಂಗಡಿಗರು ರೂಪಿಸಿದ ಒಂದು ಉಪಾಯ ಇಲ್ಲಿ ಒದಗಿತು. ಬಿಂದುವಿನ ಮೇಲೆ ಪ್ರಬಲ ಬೆಳಕನ್ನು ಹಾಯಿಸಿ ಅಲ್ಲಿನ ಹೊಳಪನ್ನು ಸುಟ್ಟು, ಮತ್ತೆ ಹೊಳಪು ತುಂಬುತ್ತದೆಯೇ ಎಂದು ಕಾಯುವುದು. ತುಂಬಿದರೆ ಹೊರಗಿನ ಅಣುಗಳು ಒಳಕ್ಕೆ ಬರುತ್ತಿವೆಯೆಂದು ಅರ್ಥ. ಬೆಳಕಿನ ಬಿಂದುಗಳಲ್ಲಿ ಹೀಗೆ ಹೋಗುಬರುವಿಕೆ ಇರುವುದು ಕಂಡುಬಂತು. ನೀರಿನಲ್ಲಿ ಎಣ್ಣೆ ಹನಿಗೂಡುವಂತೆ ‘ಬಿ’ ಫೈಟೋಕ್ರೋಮ್ ಬೆಳಕಿನಲ್ಲಿ ಹನಿಗೂಡುತ್ತದೆಂಬ ವಾದ 2022ರಲ್ಲಿ ಪ್ರಕಟವಾಯಿತು. ಈ ನಡುವೆ 2016ರಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನಾಗಳ ಬಳಗಗಳು ‘ಬಿ’ ಬೆಳಕನ್ನಷ್ಟೇ ಅಲ್ಲ, ಸೆಕೆಯನ್ನೂ ಅರಿಯುತ್ತದೆಂದು ತೋರಿಸಿದ್ದವು. ಬಿಸಿ ಏರಿದಂತೆ ಅದರ ಚುರುಕಾದ ರೂಪ ಬೇಗ ಜಡವಾಗುತ್ತದೆ. ಬಿಸಿಯೇರಿದಂತೆ ಬಿಂದುಗಳು ಒಮ್ಮೆಗೇ ಕರಗದೆ ಒಂದೊಂದಾಗಿ, ತಮ್ಮ ತಮ್ಮ ಮಿತಿಗೆ ತಕ್ಕಂತೆ ಕರಗುತ್ತವೆಂದು 2020ರಲ್ಲಿ ವರದಿಯಾಯಿತು. ಬೆಳಕನ್ನು ಅಳೆಯುವ ಬಿಂದುವೇ ಗಿಡಕ್ಕೆ ತಾಪಮಾಪಕವೂ ಆಯಿತು. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಪೈರು ಯಾಕೆ ನೀಳವಾಗಿ ಬೆಳೆದು ಬಾಗುತ್ತದೆ, ಯಾಕೆ ಅವಧಿಗೆ ಮುನ್ನ ಹೂವಾಗುತ್ತದೆ ಎಂದು ಕೇಳುವವರಿಗೆ ಇದು ಬರಿಯ ಪಂಡಿತರ ಕುತೂಹಲವಲ್ಲ.

ಅಬೆ ಹಾಕಿದ ಗಡಿಯೂ ಅಭೇದ್ಯವಾಗಿ ಉಳಿಯಲಿಲ್ಲ. 1994ರಲ್ಲಿ ಸ್ಟೆಫಾನ್ ಹೆಲ್ ಸೂಚಿಸಿದ ಮಾರ್ಗ, 2006ರಲ್ಲಿ ಎರಿಕ್ ಬೆಟ್ಸಿಗ್ ಮತ್ತಿತರರು ಅಣುಗಳನ್ನು ಕೆಲಕೆಲವಾಗಿ ಬೆಳಗಿಸಿ ನೆಲೆ ಗುರುತಿಸಿದ ಮಾರ್ಗ, ಇವು ಆ ಗಡಿಯನ್ನು ದಾಟಿದವು. ಬೆಟ್ಸಿಗ್, ಹೆಲ್, ಮೋರ್ನರ್ ಇವರಿಗೆ 2014ರಲ್ಲಿ ನೊಬೆಲ್ ಬಂತು. ಆದರೆ ಈ ಮಾರ್ಗಗಳು ಸಾಮಾನ್ಯವಾಗಿ ಹೆಚ್ಚು ಬೆಳಕನ್ನು ಬೇಡುತ್ತವೆ. ಬೆಳಕಿಗೆ ಎಚ್ಚರಗೊಳ್ಳುವ ಕೋಶದ ಮಟ್ಟಿಗೆ ಅದು ದುಬಾರಿ. ಹೀಗಾಗಿ 2004ರಲ್ಲಿ ಹ್ಯೂಸ್ಕನ್ ಮತ್ತು ಸಂಗಡಿಗರು ಪ್ರಚುರಪಡಿಸಿದ ಇನ್ನೊಂದು ವಿಧಾನ ಸಸ್ಯಶಾಸ್ತ್ರಜ್ಞರಿಗೆ ಪ್ರಿಯವಾಯಿತು. ಗವಾಕ್ಷಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ಹೊಳೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಅದರಂತೆ ತೆಳುವಾದ ಬೆಳಕಿನ ಹಾಳೆಯೊಂದನ್ನು ಪಕ್ಕದಿಂದ ಹಾಯಿಸಿ ಮೇಲಿನಿಂದ ನೋಡುವುದು ಈ ಕ್ರಮ. ನೋಡುವ ಪದರವನ್ನು ಬಿಟ್ಟು ಉಳಿದ ಭಾಗ ಕತ್ತಲೆಯಲ್ಲಿಯೇ ಇರುತ್ತದೆ. ಹೆಚ್ಚು ಕಾಣುವ ಆಸೆಗೂ ಕಡಿಮೆ ಕೆಡಿಸುವ ಸಂಯಮಕ್ಕೂ ನಡುವಿನ ಒಪ್ಪಂದ ಇದು.

ಇಷ್ಟೆಲ್ಲ ನೋಡಿದ ಮೇಲೆ ಬಿಂದುಗಳ ಕೆಲಸವೇನೆಂಬುದು ಪೂರ್ತಿ ಇತ್ಯರ್ಥವಾಯಿತೇ? ಇಲ್ಲ. ಕತ್ತಲೆಯಲ್ಲಿ ಸಸಿಯನ್ನು ನೀಳವಾಗಿ ಬೆಳೆಸುವ ಕೆಲವು ಪ್ರೋಟೀನುಗಳಿವೆ. ಬೆಳಕಿನಲ್ಲಿ ಫೈಟೋಕ್ರೋಮ್ ಅವನ್ನು ಹಿಡಿದು ನಾಶಕ್ಕೆ ಒಪ್ಪಿಸುತ್ತದೆ. ಈ ನಾಶ ನಡೆಯುವ ಸ್ಥಳವೇ ಬಿಂದುವೆಂದು ಹಲವು ವರ್ಷ ಭಾವಿಸಲಾಗಿತ್ತು. 2024ರಲ್ಲಿ ಚೆನ್ ಅವರ ಬಳಗ ಪ್ರಕಟಿಸಿದ ಲೇಖನದ ಪ್ರಕಾರ ಅಂಥ ಪ್ರೋಟೀನೊಂದು ಬಿಂದುವಿನೊಳಗೆ ಉಳಿದುಕೊಳ್ಳುತ್ತದೆ, ನಾಶವಾಗುವುದು ಹೊರಗೆ. ಸು‌ಡುಗಾಡೆಂದು ತಿಳಿದದ್ದು ಕಣಜವೂ ಆಗಿರಬಹುದು. ಬಿಂದು ಕಂಡದ್ದು ಒಂದು ಸಾಧನೆ. ಕಂಡದ್ದರ ಅರ್ಥವನ್ನು ಓದುವುದು ಬೇರೆಯೇ ಸಾಧನೆ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಊರಿನ ಗಾಳಿಮಾತಿನ ಬಗ್ಗೆ ಬಳಸುತ್ತೇವೆ. ಈ ನೂರು ವರ್ಷಗಳ ಚರಿತ್ರೆ ಅದಕ್ಕೆ ಇನ್ನೂ ಆಳವಾದ ಅರ್ಥ ಕೊಟ್ಟಿದೆ. ಇಲ್ಲಿ ಪ್ರತಿ ಹೊಸ ಮಸೂರವೂ ಒಂದು ಸತ್ಯವನ್ನು ತೋರಿಸಿತು, ಜೊತೆಗೆ ಒಂದು ಭ್ರಮೆಯನ್ನೂ ತಂದಿತು. ಭ್ರಮೆ ಕಳೆದದ್ದು ಯಾವಾಗ ಎಂದರೆ, ನೋಡುವವರು ವಸ್ತುವಿನ ಜೊತೆಗೆ ತಮ್ಮ ನೋಟವನ್ನೂ ಪರೀಕ್ಷೆಗೆ ಒಳಪಡಿಸಿದಾಗ. ತಾವು ಹಿಡಿದ ದೀಪ ಏನನ್ನು ಬದಲಿಸಿತೆಂದು ಕೇಳಿಕೊಂಡಾಗ. ಕಾವ್ಯವನ್ನಾಗಲಿ, ಹಳೆಯ ಶಾಸನವನ್ನಾಗಲಿ, ನೆರೆಯ ಮನುಷ್ಯನನ್ನಾಗಲಿ ಅರಿಯಹೊರಟವರಿಗೆ ಈ ವಿವೇಕ ಬೇಡವೆನ್ನಲಾದೀತೇ? ಹಿಡಿದ ದೀಪವನ್ನು ತುಸು ತಗ್ಗಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವಷ್ಟು ಹೊತ್ತು ಕಾಯಬಲ್ಲವರಿಗೆ, ಹಾಗೆಯೇ ಇರುವುದು ಹಾಗೆಯೇ ಕಾಣುವ ಸಂಭವ ಹೆಚ್ಚು.